ಹಾಲು ಪರೀಕ್ಷಕರ ಕೋರ್ಸ್ ಅವರ ಫೋನಿಗೆ ತಲುಪಿದ ದಾರಿ

“ಮೇಡಂ, ನಾಲ್ಕು ಸಲ ಪರೀಕ್ಷೆ ಬರೆದಿದ್ದೇನೆ. ನಾಲ್ಕು ಸಲವೂ ಪಾಸ್ ಎಂದೇ ತೋರಿಸಿದೆ. ಸರ್ಟಿಫಿಕೇಟ್ ಮಾತ್ರ ಬರುತ್ತಿಲ್ಲ. ನನ್ನಿಂದ ಏನು ತಪ್ಪಾಯಿತು?”

ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಕಾರ್ಯದರ್ಶಿ ಫೋನಿನಲ್ಲಿ ಹೀಗೆ ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ತಪ್ಪು ಅವರದಲ್ಲ ಎಂಬುದಷ್ಟೇ ಗೊತ್ತಿತ್ತು. ಬೆಳಗಿನ ಹಾಲು ಅಳೆದು, ಲೆಕ್ಕ ಬರೆದು, ಮನೆಗೆಲಸ ಮುಗಿಸಿ, ಸಂಜೆಯ ಹಾಲಿಗೆ ಬಾಗಿಲು ತೆರೆಯುವ ಮೊದಲು ಸಿಗುವ ಒಂದೆರಡು ಗಂಟೆಯಲ್ಲಿ ಆಕೆ ನಾಲ್ಕು ದಿನ ಕುಳಿತು ಪರೀಕ್ಷೆ ಬರೆದಿದ್ದರು. ಅಷ್ಟು ಶ್ರದ್ಧೆಗೆ ನನ್ನ ಕೋರ್ಸ್ ಕೊಟ್ಟ ಉತ್ತರ ಒಂದು ಖಾಲಿ ಚೌಕ.

ಡೇರಿ ಕಾರ್ಯದರ್ಶಿಗಳಿಗೂ ಹಾಲು ಪರೀಕ್ಷಕರಿಗೂ ತರಬೇತಿ ಕೊಡುವುದು ನನ್ನ ಕೆಲಸ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಹಿಡಿದು ಡಿಗ್ರಿ ನೋಡುವುದು, ಹಾಲಿನಲ್ಲಿ ಫ್ಯಾಟ್ (ಕೊಬ್ಬು) ಎಷ್ಟಿದೆ ಎಂದು ಅಳೆಯುವುದು, ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್ ಲೆಕ್ಕ ಹಾಕುವುದು, ಕ್ಯಾನ್ ತೊಳೆಯುವುದು, ಕಲಬೆರಕೆ ಪತ್ತೆ ಹಚ್ಚುವುದು, ಎಲ್ಲವನ್ನೂ ಮೂರು ದಿನ ಪಟ್ಟಣಕ್ಕೆ ಕರೆಸಿ ಹೇಳಿಕೊಡುತ್ತಿದ್ದೆವು. ಆದರೆ ಹಸು ಭಾನುವಾರವೂ ಹಾಲು ಕೊಡುತ್ತದೆ. ವರ್ಷದ 365 ದಿನವೂ ಎರಡು ಹೊತ್ತು ತಕ್ಕಡಿಯ ಮುಂದೆ ನಿಲ್ಲಬೇಕಾದವರನ್ನು ಮೂರು ದಿನ ಎಬ್ಬಿಸಿ ತರುವುದು ಸುಲಭವಲ್ಲ. ಎಷ್ಟೋ ಸಲ ಕಾರ್ಯದರ್ಶಿಯ ಬದಲು ಅವರ ತಮ್ಮನೋ ಅಳಿಯನೋ ಬಂದು ಕುಳಿತು, ಊಟ ಮಾಡಿ, ಹಾಜರಿ ಹಾಕಿ ಹೋದದ್ದಿದೆ. ಕಲಿಯಬೇಕಾದವರು ಊರಲ್ಲೇ ಉಳಿದರು. ಆ ಕಾರಣಕ್ಕೇ ಕೋರ್ಸನ್ನು ಅವರ ಫೋನಿಗೆ ಕಳಿಸುವ ಯೋಚನೆ ಬಂದದ್ದು.

ಪಾಠ ಕೊಟ್ಟು, ಯಾರು ಎಷ್ಟು ಕಲಿತರು ಎಂದು ದಾಖಲಿಸುವ ಕಲಿಕಾ ನಿರ್ವಹಣಾ ವ್ಯವಸ್ಥೆಯಾಗಿ ಮೂಡಲ್ ಆರಿಸಿಕೊಂಡೆವು. ಆಸ್ಟ್ರೇಲಿಯಾದ ಪರ್ತ್‌ನ ಮಾರ್ಟಿನ್ ಡೌಗಿಯಾಮಸ್ 2002ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ ಮುಕ್ತ ಪರವಾನಗಿಯದು. ತಲೆಗೆ ಇಷ್ಟು ಎಂದು ಹಣ ಕೊಡಬೇಕಿಲ್ಲ, ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು, ಫೋನಿಗೆ ಅದರದೇ ಆ್ಯಪ್ ಇದೆ. ನಮಗೆ ಅಷ್ಟು ಸಾಕಿತ್ತು.

ಮೊದಲ ತೊಡಕು ಎದುರಾದದ್ದು ನಮ್ಮ ಹಳೆಯ ಪಾಠಗಳಲ್ಲಿ. ವರ್ಷಗಟ್ಟಲೆ ಸೇರಿಸಿಟ್ಟ ಟಿಪ್ಪಣಿಗಳೆಲ್ಲ, ಎಲ್ಲ ಸಾಧನಗಳಲ್ಲೂ ಅಕ್ಷರ ಒಂದೇ ರೀತಿ ಕಾಣಿಸುವ ಸಂಕೇತ ಪದ್ಧತಿಯಾದ ಯುನಿಕೋಡ್‌ಗೆ ಮೊದಲಿನ ನುಡಿ ಫಾಂಟಿನಲ್ಲಿದ್ದವು. ಕಚೇರಿಯ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಕನ್ನಡ, ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಡ್ಡೆ. ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದ ಮೇಲೂ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಸಾಲು ಸಾಲಾಗಿ ಕಣ್ಣಿಟ್ಟು ನೋಡಬೇಕಾಯಿತು. ಹಾಲಿನ ಕೊಬ್ಬು ಅಳೆಯುವ ಗರ್ಬರ್ ವಿಧಾನದ ಪಾಠದಲ್ಲಿ ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಮೊದಲು 10 ಮಿ.ಲೀ. ಸಲ್ಫ್ಯೂರಿಕ್ ಆಮ್ಲ, ಅದರ ಮೇಲೆ ಗೋಡೆಗುಂಟ ನಿಧಾನವಾಗಿ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಎಂದು ಇರುತ್ತದೆ. ಇಲ್ಲಿ ಒಂದು ಚುಕ್ಕಿ ಬಿದ್ದುಹೋದರೂ 10.75 ಎಂಬುದು 1075 ಆಗುತ್ತದೆ. ಆಮ್ಲದ ಜೊತೆ ಕೆಲಸ ಮಾಡುವವರಿಗೆ ಕೊಡುವ ಪಾಠದಲ್ಲಿ ಇಂಥ ತಪ್ಪಿಗೆ ಕ್ಷಮೆ ಇಲ್ಲ.

ಪಾಠ ಸಿದ್ಧವಾದ ಮೇಲೆ ಅದನ್ನು ಸ್ಕಾರ್ಮ್ ಪ್ಯಾಕೇಜ್ ಮಾಡಿದೆವು. ಈ ಹೆಸರು ಮೊದಲ ಬಾರಿ ಕೇಳುವವರಿಗೆ ಹೀಗೆ ಹೇಳುತ್ತೇನೆ: ಪಾಠದ ಪುಟ, ಚಿತ್ರ, ಪ್ರಶ್ನೆಗಳನ್ನೆಲ್ಲ ಒಂದು ಜಿಪ್ ಕಡತಕ್ಕೆ ತುಂಬಿ, ಒಳಗೆ ಏನೇನಿದೆ, ಯಾವುದನ್ನು ಮೊದಲು ತೆರೆಯಬೇಕು ಎಂಬ ಪಟ್ಟಿಯೊಂದನ್ನು ಜೊತೆಗಿಡುವ ಪದ್ಧತಿ ಅದು. ಪಾಠ ಓಡುವಾಗ ಕಲಿಯುವವರು ಎಲ್ಲಿದ್ದಾರೆ, ಎಷ್ಟು ಅಂಕ ಬಂತು ಎಂದು ವ್ಯವಸ್ಥೆಗೆ ಹೇಳುವ ಗೊತ್ತಾದ ಮಾತುಗಳೂ ಅದರಲ್ಲಿವೆ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಎಂಬ ಕಾರ್ಯಕ್ರಮದಿಂದ ಹುಟ್ಟಿದ ಇದರ 1.2 ಆವೃತ್ತಿ 2001ರದು. ಅಷ್ಟು ಹಳೆಯದಾದರೂ ಬಹುತೇಕ ಎಲ್ಲ ವ್ಯವಸ್ಥೆಗಳಿಗೂ ಅರ್ಥವಾಗುವುದು ಅದೇ. ಮೂಡಲ್ ಕೂಡ ಪೂರ್ತಿಯಾಗಿ ಒಪ್ಪುವುದು 1.2 ಆವೃತ್ತಿಯನ್ನೇ, 2004ರ ಆವೃತ್ತಿಯ ಎಲ್ಲ ಸೌಲಭ್ಯ ಅದರಲ್ಲಿ ನಡೆಯುವುದಿಲ್ಲ.

ನಮ್ಮ ಮೊದಲ ಪ್ಯಾಕೇಜನ್ನು ಮೂಡಲ್ ಬಾಗಿಲಲ್ಲೇ ತಿರಸ್ಕರಿಸಿತು. ಅರ್ಧ ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಜಿಪ್ ಮಾಡುವಾಗ ಫೋಲ್ಡರಿನ ಒಳಗಿನ ಕಡತಗಳನ್ನು ಆರಿಸುವ ಬದಲು ಫೋಲ್ಡರನ್ನೇ ಒತ್ತಿ ಜಿಪ್ ಮಾಡಿದ್ದೆ. ಹಾಗಾಗಿ ಪಟ್ಟಿಯ ಕಡತ ಒಂದು ಮೆಟ್ಟಿಲು ಒಳಗೆ ಹೋಗಿ ಕುಳಿತಿತ್ತು. ಅದು ಹೊರಗಿನ ಮಟ್ಟದಲ್ಲೇ ಇರಬೇಕು. ಹೊಸಬರು ನನಗೆ ಕರೆ ಮಾಡಿ “ಅಪ್‌ಲೋಡ್ ಆಗುತ್ತಿಲ್ಲ” ಎಂದರೆ ನಾನು ಮೊದಲು ಕೇಳುವುದು ಇದನ್ನೇ.

ಇನ್ನು ಸರ್ಟಿಫಿಕೇಟ್ ಬಾರದ ಕಥೆ. ಸ್ಕಾರ್ಮ್ 1.2ರಲ್ಲಿ ಕಲಿಯುವವರ ಸ್ಥಿತಿ ಹೇಳಲು ಇರುವುದು ಒಂದೇ ಮನೆ. ಆ ಒಂದೇ ಮನೆಯಲ್ಲಿ ‘ಮುಗಿಯಿತು’ ಎಂದು ಬರೆಯಬಹುದು ಅಥವಾ ‘ತೇರ್ಗಡೆ’ ಎಂದು ಬರೆಯಬಹುದು. ಎರಡನ್ನೂ ಒಟ್ಟಿಗೆ ಬರೆಯಲು ಜಾಗವಿಲ್ಲ. ನಮ್ಮ ಪ್ಯಾಕೇಜ್ ಪರೀಕ್ಷೆ ಇದ್ದ ಘಟಕಕ್ಕೆ ‘ತೇರ್ಗಡೆ’ ಎಂದು ಕಳಿಸುತ್ತಿತ್ತು. ನಾನು ಮೂಡಲ್‌ನ ಪೂರ್ಣಗೊಳಿಸುವ ಷರತ್ತಿನಲ್ಲಿ ‘ಮುಗಿಯಿತು’ ಎಂಬುದಕ್ಕೆ ಮಾತ್ರ ಗುರುತು ಹಾಕಿದ್ದೆ. ಪಾಪ, ಆಕೆ ಎಷ್ಟು ಸಲ ಪಾಸಾದರೂ ವ್ಯವಸ್ಥೆ ಕಾಯುತ್ತಿದ್ದ ಪದ ಬರಲೇ ಇಲ್ಲ. ಎರಡೂ ಚೌಕಗಳಿಗೆ ಗುರುತು ಹಾಕಿದ ಮೇಲೆ ಸರಿಹೋಯಿತು. ನಾನು ಆ ಪರೀಕ್ಷೆಯನ್ನು ಹತ್ತು ಸಲ ಬರೆದು ನೋಡಿದ್ದೆ, ಆದರೆ ನಿರ್ವಾಹಕಿಯ ಖಾತೆಯಿಂದ. ಕಲಿಯುವವರಂತೆ ಒಳಗೆ ಹೋಗಿ ಕೊನೆಯ ಸರ್ಟಿಫಿಕೇಟ್‌ವರೆಗೆ ಒಮ್ಮೆಯೂ ನಡೆದಿರಲಿಲ್ಲ. ಅಂದಿನಿಂದ ಇಲ್ಲದ ಕಾರ್ಯದರ್ಶಿಯ ಹೆಸರಿನಲ್ಲಿ ಒಂದು ಖಾತೆ ಇಟ್ಟುಕೊಂಡಿದ್ದೇನೆ. ಪ್ರತಿ ಕೋರ್ಸ್ ಹೊರಬರುವ ಮೊದಲು ಆ ಖಾತೆ ನನ್ನ ಹಳೆಯ ಫೋನಿನಲ್ಲಿ ಪೂರ್ತಿ ಕೋರ್ಸ್ ಮುಗಿಸಿರಬೇಕು.

ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಕೆಲವರು ಕರೆ ಮಾಡಿ, “ನಿನ್ನೆ ಮೂರನೇ ಪಾಠದವರೆಗೆ ಮುಗಿಸಿದ್ದೆ ಮೇಡಂ, ಇವತ್ತು ತೆರೆದರೆ ಮತ್ತೆ ಹಿಂದಕ್ಕೆ ಹೋಗಿದೆ” ಎನ್ನತೊಡಗಿದರು. ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ. ಯಾರಿಗೆ ಹಾಗಾಗುತ್ತಿದೆ ಎಂದು ಒಬ್ಬೊಬ್ಬರ ದಾಖಲೆ ತೆಗೆದು ನೋಡಿದಾಗ, ಅವರೆಲ್ಲ ಹೆಚ್ಚು ಬರೆದವರು. ಪ್ರತಿ ಪಾಠದ ಕೊನೆಗೆ ‘ನಿಮ್ಮ ಡೇರಿಯಲ್ಲಿ ಇದನ್ನು ಹೇಗೆ ಮಾಡುತ್ತೀರಿ, ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದು ಖಾಲಿ ಜಾಗ ಬಿಟ್ಟಿದ್ದೆ. ಆ ಉತ್ತರಗಳೂ, ಎಲ್ಲಿಗೆ ನಿಲ್ಲಿಸಿದರು ಎಂಬ ಗುರುತೂ ಒಂದೇ ಜಾಗದಲ್ಲಿ ಉಳಿಯುತ್ತಿದ್ದವು. ಸ್ಕಾರ್ಮ್ 1.2ರಲ್ಲಿ ಆ ಜಾಗದ ಮಿತಿ 4096 ಅಕ್ಷರ. ಇಂಗ್ಲಿಷಿಗಾದರೆ ಎರಡು ಪುಟದಷ್ಟು ಬರಹ ಹಿಡಿಸುತ್ತದೆ. ಆದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್. ನಮ್ಮ ಉಪಕರಣ ಪ್ರತಿ ಬೈಟನ್ನು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬರೆದು ಕಳಿಸುತ್ತಿತ್ತು, ಅಂದರೆ ಒಂದು ‘ಕ’ ಅಲ್ಲಿ 9 ಅಕ್ಷರವಾಗುತ್ತಿತ್ತು. ‘ಕ್ಷ’ ಎಂದು ಬರೆದರೆ ಕ, ವಿರಾಮ, ಷ ಸೇರಿ 27. ಲೆಕ್ಕ ಹಾಕಿದರೆ 455 ಸಂಕೇತಕ್ಕೆ ಜಾಗ ಭರ್ತಿ, ಅದು ನಾಲ್ಕಾರು ಸಾಲಿನ ಮಾತು. ಆಮೇಲಿನದು ಉಳಿಯುತ್ತಲೇ ಇರಲಿಲ್ಲ.

ಮನಸ್ಸಿಟ್ಟು ಬರೆದವರೇ ಇದರಲ್ಲಿ ನಷ್ಟ ಅನುಭವಿಸಿದರು ಎಂಬುದು ನನಗೆ ಈಗಲೂ ನೋವಿನ ಸಂಗತಿ. ಮೂಡಲ್‌ನಲ್ಲಿ ಈ ಮಿತಿಯನ್ನು ಸಡಿಲಿಸುವ ಆಯ್ಕೆ ಇದೆ. ಆದರೆ ನಾಳೆ ಬೇರೆ ವ್ಯವಸ್ಥೆಯಲ್ಲಿ ಇದೇ ಪ್ಯಾಕೇಜ್ ಓಡಬೇಕಾದರೆ ಆ ಸಡಿಲಿಕೆಯನ್ನು ನಂಬಿಕೊಂಡಿರಲು ಆಗುವುದಿಲ್ಲ. ಬರೆಯುವ ಪ್ರಶ್ನೆಗಳನ್ನು ಪ್ಯಾಕೇಜಿನಿಂದ ಹೊರತೆಗೆದು ಮೂಡಲ್‌ನದೇ ಚಟುವಟಿಕೆಗಳಾಗಿ ಕೊಟ್ಟೆ. ಒಂದು ದೊಡ್ಡ ಪ್ಯಾಕೇಜನ್ನು ಒಂಬತ್ತು ಚಿಕ್ಕವಾಗಿ ಒಡೆದೆ. ಒಂದೊಂದೂ ಹತ್ತು ನಿಮಿಷದ ಒಳಗೆ ಮುಗಿಯುತ್ತದೆ. ಫೋನಿಗೆ ಕರೆ ಬಂದು ಪಾಠ ಅರ್ಧಕ್ಕೆ ನಿಂತರೂ ಹೋಗುವುದು ಹತ್ತು ನಿಮಿಷ ಮಾತ್ರ. ಜೊತೆಗೆ ತಾನಾಗಿ ಉಳಿಸುವ ಆಯ್ಕೆಯನ್ನೂ ಹಾಕಿಟ್ಟೆ. ಪುಟವನ್ನು ಮುಚ್ಚುವಾಗ ಮಾತ್ರ ಉಳಿಸುವ ಪ್ಯಾಕೇಜುಗಳು ಫೋನಿನಲ್ಲಿ ಕೈಕೊಡುತ್ತವೆ, ಏಕೆಂದರೆ ಫೋನಿನಲ್ಲಿ ಯಾರೂ ಪುಟವನ್ನು ‘ಮುಚ್ಚುವುದಿಲ್ಲ’, ಗುಂಡಿ ಒತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಸಿಗ್ನಲ್ ಸಿಗದ ಊರುಗಳಿಗೆ ಆ್ಯಪ್ ದೊಡ್ಡ ಉಪಕಾರ ಮಾಡಿತು. ಪಾಠವನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಓದಬಹುದು, ಮತ್ತೆ ಸಂಪರ್ಕ ಸಿಕ್ಕಾಗ ಅಂಕ ತಾನಾಗಿ ಮೇಲೆ ಹೋಗುತ್ತದೆ. ಇದಕ್ಕೆ ಪ್ಯಾಕೇಜ್ ಇಳಿಸಿಕೊಳ್ಳದಂತೆ ತಡೆಯುವ ಆಯ್ಕೆಯನ್ನು ತೆಗೆದಿರಬೇಕು. ಪಾಠ ಹೊಸ ಕಿಟಕಿಯಲ್ಲಿ ತೆರೆಯುವಂತಿದ್ದರೆ ಫೋನಿನ ಬ್ರೌಸರ್ ಅದನ್ನು ತಡೆದುಬಿಡಬಹುದು, ಆದ್ದರಿಂದ ಅದೇ ಕಿಟಕಿಯಲ್ಲೇ ತೆರೆಯಲಿ. ವಿಡಿಯೊಗಳನ್ನು ಪ್ಯಾಕೇಜಿಗೆ ತುಂಬದೆ ಬೇರೆ ಇಟ್ಟೆ.

ಹೆಸರುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಲಿಯುವವರ ಖಾತೆಗಳನ್ನು ಒಬ್ಬೊಬ್ಬರಾಗಿ ಸೇರಿಸದೆ, ಸಾಲುಗಳಲ್ಲಿ ಅಲ್ಪವಿರಾಮ ಹಾಕಿ ಮಾಹಿತಿ ಬರೆದಿಡುವ ಸಿಎಸ್‌ವಿ ಪಟ್ಟಿಯಿಂದ ಒಮ್ಮೆಗೇ ಏರಿಸಿದೆ. ಎಕ್ಸೆಲ್‌ನಲ್ಲಿ ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದ್ದರಿಂದ ಎಲ್ಲ ಹೆಸರುಗಳೂ ಬರೀ ಪ್ರಶ್ನಾರ್ಥಕ ಚಿಹ್ನೆಗಳಾದವು. ಸಿಎಸ್‌ವಿ ಯುಟಿಎಫ್-8 ಎಂಬ ಬೇರೆ ಆಯ್ಕೆ ಅಲ್ಲೇ ಇದೆ, ಅದನ್ನು ಆರಿಸಿದರೆ ಹೆಸರು ಉಳಿಯುತ್ತದೆ. ಪರದೆಯ ಮೇಲೆ ಸರಿಯಾದ ಹೆಸರು ಸರ್ಟಿಫಿಕೇಟಿನ ಪಿಡಿಎಫ್‌ನಲ್ಲಿ ಮತ್ತೆ ಒಡೆಯಿತು. ಮೂಡಲ್ ಪಿಡಿಎಫ್ ಮಾಡಲು ಬಳಸುವ ಟಿಸಿಪಿಡಿಎಫ್‌ಗೆ ನಮ್ಮ ಲಿಪಿಯ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಕೃಷ್ಣಪ್ಪ, ಸಿದ್ದಮ್ಮ ಎಂಬಂಥ ಹೆಸರುಗಳಲ್ಲಿ ಒತ್ತುಗಳು ಕೆಳಗಿಳಿಯದೆ ಅಕ್ಷರದ ಪಕ್ಕ ಬಿಡಿಬಿಡಿಯಾಗಿ ನಿಂತವು. ಇಂಗ್ಲಿಷಿನಲ್ಲಿ ಹೆಸರು ಹಾಕಿಬಿಡಿ ಎಂದು ಹಲವರು ಸಲಹೆ ಕೊಟ್ಟರು. ನನಗೆ ಒಪ್ಪಿಗೆಯಾಗಲಿಲ್ಲ. ಆ ಕಾಗದವನ್ನು ಚೌಕಟ್ಟು ಹಾಕಿಸಿ ಡೇರಿಯ ಗೋಡೆಗೆ ನೇತುಹಾಕುತ್ತಾರೆ, ಹಾಲು ಹಾಕಲು ಬರುವವರೆಲ್ಲ ಅದನ್ನು ಓದುತ್ತಾರೆ. ಅದರಲ್ಲಿ ಅವರ ಹೆಸರು ಅವರ ಅಕ್ಷರದಲ್ಲಿ ಸರಿಯಾಗಿ ಇರಲೇಬೇಕು. ಈಗ ತಿಂಗಳಿಗೊಮ್ಮೆ ತೇರ್ಗಡೆಯಾದವರ ಪಟ್ಟಿ ಇಳಿಸಿಕೊಂಡು, ಲಿಬ್ರೆಆಫೀಸ್‌ನ ಪತ್ರ ಜೋಡಣೆಯಲ್ಲಿ (ಮೇಲ್ ಮರ್ಜ್) ಒಂದೇ ನಮೂನೆಗೆ ಹೆಸರುಗಳನ್ನು ತುಂಬಿ ಸರ್ಟಿಫಿಕೇಟ್ ಮಾಡಿ ಕಳಿಸುತ್ತೇನೆ. ಒಂದು ಮಧ್ಯಾಹ್ನದ ಕೆಲಸ ಹೆಚ್ಚಾಯಿತು, ಒತ್ತಕ್ಷರ ತನ್ನ ಜಾಗದಲ್ಲಿ ಕುಳಿತಿತು.

ಬೇರೆ ಜಿಲ್ಲೆಯ ತರಬೇತಿ ಅಧಿಕಾರಿಗಳು ಕೋರ್ಸ್ ಕೇಳಿದಾಗ ಹಂಚುವ ದಾರಿಗಳನ್ನೂ ಕಲಿತೆ. ತಮ್ಮದೇ ಮೂಡಲ್ ಇದ್ದವರಿಗೆ ಇಡೀ ಕೋರ್ಸಿನ ಬ್ಯಾಕಪ್ ಕಡತ ಕೊಟ್ಟೆ. ಬ್ಯಾಕಪ್ ತೆಗೆಯುವಾಗ ಕಲಿಯುವವರ ಮಾಹಿತಿ ಎಂಬ ಗುರುತನ್ನು ತೆಗೆಯುವುದನ್ನು ಮರೆಯಬಾರದು, ಇಲ್ಲದಿದ್ದರೆ ನಮ್ಮವರ ಹೆಸರು, ಫೋನ್ ಸಂಖ್ಯೆ, ಅಂಕಗಳೆಲ್ಲ ಜೊತೆಯಲ್ಲೇ ಹೋಗುತ್ತವೆ. ನಮ್ಮ ಆವೃತ್ತಿಗಿಂತ ಹಳೆಯ ಮೂಡಲ್ ಇರುವವರಲ್ಲಿ ಬ್ಯಾಕಪ್ ತೆರೆಯುತ್ತದೆ ಎಂಬ ಭರವಸೆ ಇಲ್ಲ. ಅಂಥವರಿಗೆ ಸ್ಕಾರ್ಮ್ ಜಿಪ್‌ಗಳನ್ನೇ ಕೊಟ್ಟೆ. ಕೋರ್ಸ್ ನಮ್ಮಲ್ಲೇ ಇದ್ದು ಅವರ ವ್ಯವಸ್ಥೆಯಿಂದ ಬಾಗಿಲು ತೆರೆಯುವ ಎಲ್‌ಟಿಐ ಎಂಬ ದಾರಿಯೂ ಇದೆ, ನಾನು ತಿದ್ದಿದ್ದು ಅವರಿಗೂ ಆ ಕ್ಷಣವೇ ಕಾಣುತ್ತದೆ. ಆದರೆ ತಂಡವೊಂದು ಕಲಿಯುತ್ತಿರುವಾಗ ನಡುವೆ ಪ್ಯಾಕೇಜ್ ಬದಲಿಸಬೇಡಿ. ಪುಟಗಳ ಸಂಖ್ಯೆ ಬದಲಾದರೆ ಅವರ ಗುರುತುಗಳು ತಪ್ಪಿಹೋಗುತ್ತವೆ. ನಾನು ತಿದ್ದುಪಡಿಗಳನ್ನು ಬರೆದಿಟ್ಟುಕೊಂಡು, ತಂಡ ಮುಗಿದ ಮೇಲೆ ಹಾಕುತ್ತೇನೆ.

ಉತ್ತರ ಕರ್ನಾಟಕದ ಕಡೆಯವರೊಬ್ಬರು ನಮ್ಮ ಕೋರ್ಸ್ ತೆಗೆದುಕೊಂಡು ಎಮ್ಮೆ ಹಾಲಿನ ಉದಾಹರಣೆಗಳನ್ನು ಸೇರಿಸಿ, ವಿಡಿಯೊಗಳಿಗೆ ತಮ್ಮ ಮಾತಿನ ಧ್ವನಿ ಕೊಟ್ಟು ಮರಳಿ ಕಳಿಸಿದರು. ಅವರ ಪ್ರಶ್ನೆಗಳು ಈಗ ನಮ್ಮ ಪ್ರಶ್ನೆಕೋಶದಲ್ಲೂ ಇವೆ.

ಕಳೆದ ತಿಂಗಳು ಕಲಬೆರಕೆಯ ಹೊಸ ಘಟಕವನ್ನು ಬಿಡುವ ಮೊದಲು, ಮೊದಲು ಕರೆ ಮಾಡಿದ್ದ ಆ ಕಾರ್ಯದರ್ಶಿಯ ಡೇರಿಗೇ ಹೋದೆ. ಬೆಳಗಿನ ಹಾಲಿನ ವಾಹನ ಹೋಗಿಯಾಗಿತ್ತು, ನೆಲ ಇನ್ನೂ ಒದ್ದೆ ಇತ್ತು. ಅವರ ಫೋನಿನಲ್ಲೇ ಪಾಠ ತೆರೆದುಕೊಟ್ಟು ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕುಳಿತೆ. ಕೊನೆಯ ಪ್ರಶ್ನೆಗೆ ಉತ್ತರ ಆರಿಸಿದ ಮೇಲೆ ಬೆರಳು ‘ಸಲ್ಲಿಸು’ ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು.

“ಇದನ್ನು ಒತ್ತಿದರೆ ಮತ್ತೆ ತಿದ್ದಲು ಬರುತ್ತದೆಯೇ ಮೇಡಂ?” ಎಂದು ಕೇಳಿದರು.

ಆ ಗುಂಡಿಯ ಮೇಲೆ ಈಗ ಒಂದು ಸಾಲು ಹೆಚ್ಚಾಗಿದೆ: ‘ಒತ್ತಿದ ಮೇಲೂ ಇನ್ನೆರಡು ಸಲ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ.’