ನಿಂತಾಗ ಕಣ್ಣು ಕತ್ತಲೆ: ಕ್ಲಿನಿಕ್‌ನಲ್ಲಿ ನಾನು ಪರೀಕ್ಷಿಸುವ ಬಗೆ

ಎಚ್ಚರ ತಪ್ಪಿ ಬಿದ್ದವರ ಬಿಪಿಯನ್ನು ಕುರ್ಚಿಯಲ್ಲಿ ಕೂರಿಸಿ ಮಾತ್ರ ನೋಡಿದರೆ ಕಾರಣ ಕೈಗೆ ಸಿಗುವುದು ಕಷ್ಟ. ಎದ್ದು ನಿಂತೊಡನೆ 500ರಿಂದ 800 ಮಿ.ಲೀ. ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಕತ್ತಿನ ಕ್ಯಾರೋಟಿಡ್ ಸೈನಸ್‌ನಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಇರುವ ಒತ್ತಡಗ್ರಾಹಿಗಳು ಒತ್ತಡ ಇಳಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಆಗ ನಮ್ಮ ಅರಿವಿಲ್ಲದೆ ಕೆಲಸ ಮಾಡುವ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿದು ನಾಡಿಯನ್ನು ಏರಿಸುತ್ತವೆ. ಈ ಕೆಲಸ ನಡೆಯುತ್ತಿದೆಯೇ ಎಂಬುದು ನಿಲ್ಲಿಸಿದರಷ್ಟೇ ಗೊತ್ತಾಗುತ್ತದೆ.

ಮೊದಲು 5 ನಿಮಿಷ ಅಂಗಾತ ಮಲಗಿಸಿ ಬಿಪಿ, ನಾಡಿ ಬರೆದುಕೊಳ್ಳುತ್ತೇನೆ. ನಿಲ್ಲಿಸಿದ ಮೇಲೆ 1, 3, 5, 10ನೇ ನಿಮಿಷಕ್ಕೆ ಮತ್ತೆ ಎರಡೂ. ಗೋಡೆಗೆ ಒರಗಬಾರದು, ಕಾಲು ಆಡಿಸಬಾರದು. ಮೀನಖಂಡ ಬಿಗಿದರೆ ರಕ್ತ ಮೇಲೇರಿ ಬಿಪಿ ಇಳಿಯುವುದು ಕಾಣುವುದಿಲ್ಲ. ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಹೆಚ್ಚು ಎಡವುವುದು ತೋಳಿನ ವಿಷಯದಲ್ಲಿ. ತೋಳಿಗೆ ಸುತ್ತುವ ಬಿಪಿ ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಬಿಪಿ ಸುಮಾರು 8 ಹೆಚ್ಚು ತೋರಿಸುತ್ತದೆ. ನಿಂತವರ ತೋಳು ಜೋತುಬಿದ್ದಿದ್ದರೆ ನಿಜವಾದ ಇಳಿತ ಅಲ್ಲೇ ಮರೆಯಾಗುತ್ತದೆ. ಹಾಗಾಗಿ ತೋಳನ್ನು ಎದೆಯ ಮಟ್ಟಕ್ಕೆ ನಾನೇ ಎತ್ತಿ ಹಿಡಿಯುತ್ತೇನೆ. ರೋಗಿಯೇ ಎತ್ತಿ ಹಿಡಿದರೆ ಸ್ನಾಯು ಬಿಗಿದು ಲೆಕ್ಕ ಕೆಡುತ್ತದೆ.

3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಸಮಸ್ಯೆ ಇದೆ ಎಂದರ್ಥ. ಆ ಸಮಸ್ಯೆ ನರಗಳದ್ದೋ ಅಲ್ಲವೋ ಎಂಬುದನ್ನು ನಾಡಿ ಹೇಳುತ್ತದೆ. ಮೇಲಿನ ಬಿಪಿ 30 ಇಳಿದಿದೆ, ನಾಡಿ ಏರಿದ್ದು 15ಕ್ಕಿಂತ ಕಡಿಮೆ ಎಂದಾದರೆ ನರಗಳೇ ಸೋತಿರುವ ಸಾಧ್ಯತೆ ಹೆಚ್ಚು. ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ನೆನಪಾಗಬೇಕು. ನಾಡಿ ಚೆನ್ನಾಗಿ ಏರಿದ್ದರೆ ನೀರಿನ ಕೊರತೆ, ರಕ್ತಸ್ರಾವ, ಪ್ರೋಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಗಳತ್ತ ನೋಡುತ್ತೇನೆ. ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ, ಪೇಸ್‌ಮೇಕರ್ ಇದ್ದವರಲ್ಲಿ ಈ ಲೆಕ್ಕ ನಂಬುವಂತಿಲ್ಲ.

ಬಿಪಿ ಇಳಿಯದೆ ನಾಡಿ ಮಾತ್ರ 30 ಏರಿ (12ರಿಂದ 19 ವರ್ಷದವರಲ್ಲಿ 40), ತೊಂದರೆ ಮೂರು ತಿಂಗಳಾದರೂ ಇದ್ದರೆ ಪಾಟ್ಸ್ (POTS, ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ) ಇರಬಹುದು. ಅದಕ್ಕೂ ಮೊದಲು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಆಗಬೇಕು.

ಎಲ್ಲ ಸರಿ ಇದ್ದರೂ ವೇಸೋವೇಗಲ್ ಮೂರ್ಛೆ ಇಲ್ಲವೆಂದಲ್ಲ. ಅದರಲ್ಲಿ ಸಿಂಪಥೆಟಿಕ್ ಬಿಗಿತ ಒಮ್ಮೆಲೇ ಸಡಿಲಗೊಂಡು, ವೇಗಸ್ ನರ ನಾಡಿಯನ್ನು ತಗ್ಗಿಸುತ್ತದೆ. ಬೆವರು, ಹೊಟ್ಟೆ ತೊಳಸು, ಬಿಳಿಚಿದ ಮುಖ ಮೊದಲೇ ಬಂದಿತ್ತೇ ಎಂದು ಕೇಳುತ್ತೇನೆ. ಇಸಿಜಿ ಎಲ್ಲರಿಗೂ, ಮಲಗಿದ್ದಾಗ ಅಥವಾ ಓಡುವಾಗ ಎಚ್ಚರ ತಪ್ಪಿದವರನ್ನು ತಡಮಾಡದೆ ಹೃದ್ರೋಗ ತಜ್ಞರಲ್ಲಿಗೆ ಕಳಿಸುತ್ತೇನೆ.

ಮುನ್ಸೂಚನೆ ಬರುವವರಿಗೆ ಕಾಲು ಕತ್ತರಿ ಹಾಕಿ ತೊಡೆ, ಪೃಷ್ಠ ಬಿಗಿಯುವುದನ್ನು ಅಲ್ಲೇ ಮಾಡಿಸುತ್ತೇನೆ. ಜೊತೆಗೆ ಬಂದವರಿಗೂ ಹೇಳುವುದಿದೆ: ಬಿದ್ದವರನ್ನು ಎತ್ತಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ, ಮಲಗಿದಂತೆಯೇ ಬಿಟ್ಟು ಕಾಲು ಎತ್ತಿ ಹಿಡಿಯಿರಿ.