ಊಟದ ಮನೆಯ ವಾಂತಿ-ಭೇದಿ: ಯಾವ ಪದಾರ್ಥದಿಂದ ಬಂತು ಎಂದು ಹುಡುಕುವುದು ಹೇಗೆ

ಕುಮಟಾ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಸಿಸ್ಟರ್. ನಮ್ಮ ಕಡೆ ಮದುವೆ, ಮುಂಜಿ, ಗೃಹಪ್ರವೇಶ ಎಂದರೆ ನೂರಾರು ಜನರ ಊಟ. ಅಂಥ ಊಟದ ಮನೆಯಿಂದ ಫೋನ್ ಬಂದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಹೊಸದಾಗಿ ಸೇರಿದ ಆಶಾ ಕಾರ್ಯಕರ್ತೆಯರು "ಎಲ್ಲಿಂದ ಶುರು ಮಾಡೋದು ಅಕ್ಕ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ರೋಗಿಗಳು. ಓಆರ್‌ಎಸ್ ಕುಡಿಸಿ. ಮಕ್ಕಳು, ಮುದುಕರು, ಬಸುರಿಯರನ್ನು ತಡಮಾಡದೆ ವೈದ್ಯರಿಗೆ ತೋರಿಸಿ. ಫೋನ್ ಇಡುವ ಮೊದಲೇ ಮನೆಯವರಿಗೆ ಒಂದು ಮಾತು ಹೇಳಿಬಿಡಿ: "ಪಾತ್ರೆ ತೊಳೆಯಬೇಡಿ. ಉಳಿದದ್ದನ್ನು ಯಾರೂ ತಿನ್ನಬೇಡಿ, ದನಕ್ಕೂ ಹಾಕಬೇಡಿ." ನಾವು ಹೋಗುವಷ್ಟರಲ್ಲಿ ಅಂಗಳ ಗುಡಿಸಿ, ಕೊಪ್ಪರಿಗೆ ತಿಕ್ಕಿ ಬೋರಲು ಹಾಕಿರುತ್ತಾರೆ. ನಾಚಿಕೆಗೆ ಹಾಗೆ ಮಾಡುತ್ತಾರೆ, ತಪ್ಪು ಮುಚ್ಚಲು ಅಲ್ಲ. ಆದರೆ ಸಾಕ್ಷಿ ಹೋಗಿಬಿಡುತ್ತದೆ.

ಅಘನಾಶಿನಿ ಹೊಳೆ ಹತ್ತಿರದ ಒಂದು ಗೃಹಪ್ರವೇಶದ ಕತೆ ಹೇಳುತ್ತೇನೆ. ಹಿಂದಿನ ರಾತ್ರಿ ಹತ್ತಿರದ ನೆಂಟರಿಗೆ ಬಳಚಿನ (ಹೊಳೆಯಲ್ಲಿ ಸಿಗುವ ಚಿಪ್ಪುಜೀವಿ) ಸಾರು, ಅನ್ನ. ಬೆಳಿಗ್ಗೆ ಎಂಟಕ್ಕೆ ಚಿತ್ರಾನ್ನ, ಶಿರಾ, ಚಹಾ. ಹತ್ತು ಗಂಟೆಗೆ ಮೊದಲ ವಾಂತಿ. ಹನ್ನೊಂದೂವರೆಗೆ ಚಪ್ಪರದ ತುಂಬ ಮಲಗಿದವರು. ನಾನು ಸ್ಕೂಟಿ ನಿಲ್ಲಿಸುವ ಮೊದಲೇ ಯಾರೋ ಹೇಳಿದರು: "ಬಳಚು, ಸಿಸ್ಟರ್. ನಿನ್ನೆಯ ಬಳಚು." ಮಧ್ಯಾಹ್ನದ ಹೊತ್ತಿಗೆ ಊರಿಡೀ ಅದೇ ಮಾತು. ಹೊಳೆಯಲ್ಲಿ ಮುಳುಗಿ ಬಳಚು ತೆಗೆದು ಮಾರುವ ಹೆಂಗಸಿನ ಬುಟ್ಟಿ ಮರುದಿನ ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಯಿತು.

ಬಳಚಿನ ಮೇಲೆ ಅನುಮಾನ ಪಡುವುದು ತಪ್ಪಲ್ಲ. ಸಮುದ್ರದ, ಅಳಿವೆಯ ಬೆಚ್ಚಗಿನ ಉಪ್ಪುನೀರಲ್ಲಿ ವಿಬ್ರಿಯೊ ಪ್ಯಾರಾಹಿಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದು 272 ಜನ ಹಾಸಿಗೆ ಹಿಡಿದರು, 20 ಜನ ಸತ್ತರು. ಆಗ ಫುಜಿನೊ ಎಂಬ ವಿಜ್ಞಾನಿ ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಸರಿಯಾಗಿ ಬೇಯಿಸಿದರೆ ಅದು ಸಾಯುತ್ತದೆ. ಆದರೆ ಹಸಿ ಮೀನು ಕೊಯ್ದ ಮೆಟ್ಟುಗತ್ತಿಯಲ್ಲೇ ಸೌತೆಕಾಯಿ ಹೆಚ್ಚಿದರೆ ಮತ್ತೆ ಊಟಕ್ಕೆ ಸೇರುತ್ತದೆ. ಅನುಮಾನ ಇರಲಿ. ಲೆಕ್ಕ ಹಾಕುವ ಮೊದಲು ಅದನ್ನು ಬಾಯಿಬಿಟ್ಟು ಹೇಳಬೇಡಿ, ಅಷ್ಟೇ.

ಈಗ ಒಂದು ನೋಟ್‌ಬುಕ್ ತೆಗೆಯಿರಿ. ಒಬ್ಬೊಬ್ಬರಿಗೂ ಒಂದು ಸಾಲು. ಹೆಸರು, ವಯಸ್ಸು, ಊಟ ಮಾಡಿದ ಹೊತ್ತು, ಮೊದಲು ಹೊಟ್ಟೆ ಕೆಟ್ಟ ಹೊತ್ತು. "ಬೆಳಿಗ್ಗೆ" ಎಂದು ಬರೆಯಬೇಡಿ, ಗಂಟೆ ಬರೆಯಿರಿ. ವಾಂತಿ ಜಾಸ್ತಿಯೋ, ಭೇದಿಯೋ? ಜ್ವರ ಇದೆಯೋ? ಭೇದಿಯಲ್ಲಿ ರಕ್ತ ಇದೆಯೋ?

ಗಂಟೆ ಯಾಕೆ ಮುಖ್ಯ ಅಂದರೆ, ಬ್ಯಾಕ್ಟೀರಿಯಾ ಒಂದೊಂದಕ್ಕೂ ಒಂದೊಂದು ನಡೆ. ತಿಂದು ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ ಬಂದರೆ ಸ್ಟ್ಯಾಫಿಲೊಕಾಕಸ್ ಅಥವಾ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಆಹಾರದಲ್ಲೇ ಮಾಡಿಟ್ಟ ವಿಷ ಇರಬಹುದು. ಎಂಟರಿಂದ ಹದಿನಾರು ಗಂಟೆಗೆ ಹೊಟ್ಟೆ ನುಲಿತ, ಭೇದಿ, ಜ್ವರ ಇಲ್ಲ ಎಂದರೆ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ನೆನಪಿಗೆ ಬರಬೇಕು. ದೊಡ್ಡ ಪಾತ್ರೆಯಲ್ಲಿ ಮಾಡಿ ನಿಧಾನ ಆರಿದ ಮಾಂಸದ ಸಾರಿನಲ್ಲಿ ಅದು ಬೆಳೆಯುತ್ತದೆ. ವಿಬ್ರಿಯೊ ಸಾಮಾನ್ಯವಾಗಿ ಒಂದು ದಿನದೊಳಗೆ ತೋರಿಸಿಕೊಳ್ಳುತ್ತದೆ. ಸಾಲ್ಮೊನೆಲ್ಲಾ ಅರ್ಧ ದಿನದಿಂದ ಮೂರು ದಿನ, ಜೊತೆಗೆ ಜ್ವರ. ಕ್ಯಾಂಪಿಲೊಬ್ಯಾಕ್ಟರ್ ಎರಡರಿಂದ ಐದು ದಿನ. ಟೈಫಾಯ್ಡ್ ಬೇರೆಯೇ ಲೆಕ್ಕ, ಅದಕ್ಕೆ ವಾರಗಟ್ಟಲೆ ಹಿಂದೆ ಹೋಗಬೇಕು.

ಚೌಕುಳಿ ಹಾಳೆ ಇದ್ದರೆ ಒಬ್ಬ ರೋಗಿಗೆ ಒಂದು ಚೌಕ ತುಂಬುತ್ತಾ ಹೋಗಿ, ಕೆಳಗೆ ಗಂಟೆ ಬರೆಯಿರಿ. ಎಲ್ಲ ಚೌಕ ಒಂದೇ ಕಡೆ ಗುಡ್ಡದ ಹಾಗೆ ಎದ್ದರೆ ಒಂದೇ ಊಟದ ಕೆಲಸ. ದಿನಗಟ್ಟಲೆ ಚದುರಿಕೊಂಡರೆ ಬಾವಿ ನೀರು ನೋಡಿ. ಮಳೆಗಾಲದಲ್ಲಂತೂ ಖಂಡಿತ ನೋಡಿ.

ಏನು ತಿಂದಿರಿ ಎಂದು ಸುಮ್ನೆ ಕೇಳಿದರೆ "ಎಲ್ಲಾ ತಿಂದೆ" ಎನ್ನುತ್ತಾರೆ. ಬಾಳೆಎಲೆ ಊಟವಾಗಿದ್ದರೆ ಬಡಿಸಿದ ಕ್ರಮದಲ್ಲೇ ಕೇಳಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಹೀಗೆ ಮಜ್ಜಿಗೆಯವರೆಗೆ. ಎಲೆಯ ಮೇಲಿನ ಜಾಗ ಕಣ್ಣಿಗೆ ಬಂದರೆ ತಿಂದದ್ದೂ ನೆನಪಾಗುತ್ತದೆ. ಕುಡಿದ ನೀರನ್ನು ಬಿಡಬೇಡಿ.

ಇನ್ನು ಎಲ್ಲರೂ ಬಿಟ್ಟುಬಿಡುವ ಕೆಲಸ. ಆರಾಮಾಗಿ ಇರುವವರನ್ನೂ ಕೇಳಬೇಕು. ಅವರಿಗೂ ಅದೇ ಪಟ್ಟಿ, ಅದೇ ಪ್ರಶ್ನೆ. ರೋಗಿಗಳನ್ನಷ್ಟೇ ಕೇಳಿದರೆ ಎಲ್ಲರೂ ಅನ್ನ ತಿಂದಿದ್ದಾರೆ, ಎಲ್ಲರೂ ನೀರು ಕುಡಿದಿದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ.

ಲೆಕ್ಕ ಹೇಗೆ ಎನ್ನುವುದಕ್ಕೆ ಹಳೆಯ ಉದಾಹರಣೆ ಒಂದಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಜಿಲ್ಲೆಯಲ್ಲಿ 1940ರ ಏಪ್ರಿಲ್ 18ರಂದು ಒಂದು ಚರ್ಚಿನ ಊಟ. ವಿಚಾರಿಸಿದ 75 ಜನರಲ್ಲಿ 46 ಮಂದಿಗೆ ಹೊಟ್ಟೆ ಕೆಟ್ಟಿತ್ತು. ಹಂದಿಮಾಂಸ ತಿಂದ 46 ಜನರಲ್ಲಿ 29 ಮಂದಿಗೆ ಕಾಯಿಲೆ, ಅಂದರೆ ನೂರಕ್ಕೆ 63. ತಿನ್ನದ 29 ಜನರಲ್ಲೂ 17 ಮಂದಿಗೆ ಕಾಯಿಲೆ, ನೂರಕ್ಕೆ 59. ಹೆಚ್ಚುಕಡಿಮೆ ಒಂದೇ. ವೆನಿಲ್ಲಾ ಐಸ್‌ಕ್ರೀಮ್ ತಿಂದ 54 ಜನರಲ್ಲಿ 43 ಮಂದಿ, ನೂರಕ್ಕೆ 80. ತಿನ್ನದ 21 ಜನರಲ್ಲಿ ಬರೀ 3 ಮಂದಿ, ನೂರಕ್ಕೆ 14. ಸಿಕ್ಕಿತು ಅಲ್ವಾ? ಅದರ ಮಿಶ್ರಣವನ್ನು ಹಿಂದಿನ ದಿನ ತಯಾರಿಸಿ ರಾತ್ರಿಯಿಡೀ ಚರ್ಚಿನ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ತಯಾರಿಸಿದವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಸಿಕ್ಕಿತು. ತಿನ್ನದಿದ್ದರೂ ಕಾಯಿಲೆ ಬಿದ್ದ ಆ ಮೂವರನ್ನು ಕಂಡು ಗಾಬರಿಯಾಗಬೇಡಿ. ಯಾವ ಪಟ್ಟಿಯಲ್ಲೂ ಅಂಥ ಒಬ್ಬಿಬ್ಬರು ಇರುತ್ತಾರೆ. ಕೆಲವರಿಗೆ ನೆನಪು ತಪ್ಪುತ್ತದೆ, ಮಕ್ಕಳು ಅಮ್ಮನ ತಟ್ಟೆಯಿಂದ ತುತ್ತು ತಿಂದಿರುತ್ತಾರೆ.

ನಮ್ಮ ಗೃಹಪ್ರವೇಶದಲ್ಲಿ ಗಂಟೆ ಮಾತ್ರ ನೋಡಿದ್ದರೆ ಬಳಚು ತಪ್ಪಿಸಿಕೊಳ್ಳುತ್ತಿರಲಿಲ್ಲ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಹತ್ತು ಎಂದರೆ ವಿಬ್ರಿಯೊಗೂ ಸಾಕಾಗುವಷ್ಟು ಹೊತ್ತು. ಒಗಟು ಬಿಡಿಸಿದ್ದು ಎರಡು ಗುಂಪು. ರಾತ್ರಿ ಬಳಚು ತಿಂದು ತಮ್ಮ ಮನೆಗೆ ಹೋದ 11 ಜನರೂ ಆರಾಮಾಗಿದ್ದರು. ಶಿರಸಿಯಿಂದ ಬೆಳಗಿನ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಬಂದ 6 ಜನ ಬಳಚಿನ ಮುಖವನ್ನೇ ಕಂಡಿರಲಿಲ್ಲ, ಅವರಲ್ಲಿ 4 ಮಂದಿಗೆ ವಾಂತಿ. ಆ ನಾಲ್ವರೂ ಚಿತ್ರಾನ್ನ ತಿಂದಿದ್ದರು. ಉಳಿದ ಇಬ್ಬರು ಶಿರಾ, ಚಹಾ ಅಷ್ಟೇ.

ಆಮೇಲೆ ಅಡುಗೆಯವರ ಹತ್ತಿರ ಕುಳಿತೆ. ಪೊಲೀಸರ ಹಾಗೆ ಕೇಳಿದರೆ ಯಾರೂ ಹೇಳುವುದಿಲ್ಲ. "ಭಟ್ರೇ, ನಿನ್ನೆ ಸಂಜೆಯಿಂದ ಏನೇನು ಮಾಡಿದಿರಿ, ಒಂದೊಂದೇ ಹೇಳಿ" ಎಂದೆ. ಬೆಳಿಗ್ಗೆ ಗಡಿಬಿಡಿ ಆಗುತ್ತದೆ ಎಂದು ರಾತ್ರಿಯೇ ಅನ್ನ ಮಾಡಿ, ಕೊಪ್ಪರಿಗೆಯಲ್ಲೇ ಮುಚ್ಚಿಟ್ಟಿದ್ದರು. ಬೆಳಿಗ್ಗೆ ಒಗ್ಗರಣೆ ಹಾಕಿ ಕಲಸಿದ್ದರು. ಬ್ಯಾಸಿಲಸ್ ಸೀರಿಯಸ್‌ನ ಬೀಜಕಣಗಳು ಅಕ್ಕಿಯಲ್ಲೇ ಇರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ರಾತ್ರಿಯಿಡೀ ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಭಟ್ಟರು ತಲೆ ತಗ್ಗಿಸಿದರು. ಅವರಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ರಾತ್ರಿಯೇ ಮಾಡಬೇಕಾದರೆ ಅನ್ನವನ್ನು ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ, ಫ್ರಿಜ್ಜಿಗೆ ಸೇರಿಸಬೇಕು. ಇಲ್ಲವಾದರೆ ಬೆಳಿಗ್ಗೆ ಬೇಗ ಎದ್ದು ಮಾಡಬೇಕು.

ಸ್ಯಾಂಪಲ್ ಬಗ್ಗೆ ಚಿಕ್ಕದಾಗಿ. ಮಲದ ಸ್ಯಾಂಪಲ್ ಅನ್ನು ಆ್ಯಂಟಿಬಯಾಟಿಕ್ ಕೊಡುವ ಮೊದಲೇ ತೆಗೆದು ಕ್ಯಾರಿ-ಬ್ಲೇರ್ ಟ್ಯೂಬಿಗೆ (ಲ್ಯಾಬ್ ಮುಟ್ಟುವ ತನಕ ಬ್ಯಾಕ್ಟೀರಿಯಾ ಸಾಯದ ಹಾಗೆ ಕಾಯುವ ಟ್ಯೂಬು) ಹಾಕಿ. ಉಳಿದ ಆಹಾರವನ್ನು ಶುದ್ಧವಾದ ಡಬ್ಬಿಯಲ್ಲಿ, ಐಸ್ ಪೆಟ್ಟಿಗೆಯಲ್ಲಿ ಕಳಿಸಿ. ಫ್ರೀಜರಿಗೆ ಹಾಕಬೇಡಿ. ಯಾವುದರ ಅನುಮಾನ ಎಂದು ಲ್ಯಾಬಿಗೆ ಬರೆದು ತಿಳಿಸಿ. ಲ್ಯಾಬಿನಲ್ಲಿ ವಿಬ್ರಿಯೊ ಬೆಳೆಸಲು ಬೇರೆ ಬಗೆಯ ಪೋಷಕ ಮಾಧ್ಯಮವೇ ಬೇಕು, ಹೇಳದಿದ್ದರೆ ಅವರು ಹುಡುಕದೆಯೂ ಇರಬಹುದು. ನಮಗೆ ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಒಂದು ಡಬ್ಬಿ ಚಿತ್ರಾನ್ನ ಸಿಕ್ಕಿತು, ಪುಣ್ಯ. ಒಂದು ಗ್ರಾಂ ಆಹಾರದಲ್ಲಿ 1 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬ್ಯಾಸಿಲಸ್ ಸೀರಿಯಸ್ ಇದ್ದರೆ ಅದೇ ಕಾರಣ ಎಂದು ಒಪ್ಪುತ್ತಾರೆ. ಆ ಡಬ್ಬಿಯ ಚಿತ್ರಾನ್ನದಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು.

ರೋಗಿಗಳು ಬೇರೆ ಬೇರೆ ಊರಲ್ಲಿದ್ದರೆ ಈ ನೋಟ್‌ಬುಕ್ ಸಾಲದು. ಸಾಲ್ಮೊನೆಲ್ಲಾ ಒಂದರಲ್ಲೇ 2,500ಕ್ಕಿಂತ ಜಾಸ್ತಿ ಬಗೆಗಳಿವೆ. ಆಗ ಬ್ಯಾಕ್ಟೀರಿಯಾದ ಡಿಎನ್‌ಎ ಓದಿ, ಇಬ್ಬರ ಹೊಟ್ಟೆಯಲ್ಲಿದ್ದದ್ದು ಒಂದೇ ಸಂತತಿಯೋ ಎಂದು ನೋಡುತ್ತಾರೆ. ಅದು ದೊಡ್ಡ ಲ್ಯಾಬಿನ ಕೆಲಸ. ಅದಕ್ಕೇ ಮೊದಲ ದಿನವೇ ತಾಲೂಕು ಆರೋಗ್ಯಾಧಿಕಾರಿಗೂ ರೋಗ ಹಬ್ಬುವುದರ ಮೇಲೆ ಕಣ್ಣಿಡುವ ಕಾರವಾರದ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೂ ತಿಳಿಸಿ.

ವರದಿ ಕಳಿಸಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಸುಳ್ಳು ಸುದ್ದಿ ಎಲ್ಲಿ ಹಬ್ಬಿತ್ತೋ ಅಲ್ಲಿಗೇ ಹೋಗಿ ನಿಜ ಹೇಳಬೇಕು. ನಾನು ಮೀನು ಪೇಟೆಗೆ ಹೋಗಿ, ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದೆ: "ಕಾಯಿಲೆ ಬಂದದ್ದು ರಾತ್ರಿ ಇಟ್ಟ ಅನ್ನದಿಂದ." ಬಳಚಿನ ಅಮ್ಮ ಅವತ್ತು ಬಂದಿರಲಿಲ್ಲ. ಅವಳ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಾಳೆ ಹೊಳೆಗೆ ಇಳೀಲಾ ಸಿಸ್ಟರ್?" ಎಂದಳು.

"ಇಳಿ" ಎಂದೆ. "ನಮ್ಮ ಮನೆಗೂ ಒಂದು ಪಾಲು ತೆಗೆದಿಡು."