ಅಪ್ಪನ ಲೆಕ್ಕದ ಪುಸ್ತಕ, ಮೇಷ್ಟ್ರ ಹಾಜರಿ ಪುಸ್ತಕ

ನಮ್ಮಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರು ಮಾತ್ರ ‘ಓ, ಸಾಹಿತಿನಾ?’ ಅಂತಾರೆ. ಬೆಳಿಗ್ಗೆ ಎಷ್ಟು ಆಳು ಬಂದರು, ಸಂಜೆ ಯಾರು ಎಷ್ಟು ಕೆ.ಜಿ. ಹಣ್ಣು ತೂಗಿದರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಯಿತು, ಅದೆಲ್ಲ ಬರೆಯುವ ರೈಟರ್. ಶಿಕ್ಷಣ ಮತ್ತು ಅಸಮಾನತೆ ಅಂತ ನಾನು ಪಿಎಚ್‌.ಡಿ.ಗೆ ವಿಷಯ ಹಿಡಿದು ಊರೂರು ತಿರುಗಿದೆ. ಬೇಕಾದ ದಾಖಲೆ ನಮ್ಮನೆ ಅಟ್ಟದ ಟ್ರಂಕಿನಲ್ಲೇ ಇತ್ತು.

ಕೊಡಗು ಅಂದರೆ ನಮ್ಮ ಸಮಾಜಶಾಸ್ತ್ರದವರಿಗೆ ಮೊದಲು ನೆನಪಾಗುವುದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, 1952ರಲ್ಲಿ ಕೊಡವರ ಬಗ್ಗೆ ಬಂದ ಅವರ ಪುಸ್ತಕ, ‘ಸಂಸ್ಕೃತೀಕರಣ’ ಎಂಬ ಪದ, ಅಂದರೆ ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ನೋಡುವುದು. ಕೊಡವರ ಐನ್‌ಮನೆ (ಕುಲದ ಮೂಲಮನೆ), ಒಕ್ಕ (ಕುಲ), ಪುತ್ತರಿ (ಸುಗ್ಗಿ ಹಬ್ಬ). ಆದರೆ ನಮ್ಮ ಕ್ವಾರ್ಟರ್ಸ್ ಕಿಟಕಿಯಿಂದ ಕಾಣುತ್ತಿದ್ದದ್ದು ಲೈನ್ ಮನೆಗಳು, ತೋಟದ ಆಳುಗಳ ಸಾಲುಮನೆಗಳು. ಪಣಿ ಎರವರು, ಜೇನು ಕುರುಬರು ಎಂಬ ಆದಿವಾಸಿಗಳು, ಸೀಸನ್ನಿಗೆ ಬರುವ ಬೇರೆ ಜಿಲ್ಲೆಯವರು. ಅಲ್ಲಿನ ಮಕ್ಕಳು ಯಾಕೆ ಶಾಲೆ ಬಿಡುತ್ತಾರೆ ಅನ್ನೋದು ನನ್ನ ಪ್ರಶ್ನೆ.

ಮೊದಲ ವರ್ಷ ಪ್ರಶ್ನಾವಳಿ ಹಿಡಿದು ಸಿದ್ದಾಪುರ, ತಿತಿಮತಿ ಕಡೆ ಓಡಾಡಿದೆ. ‘ಮಗು ಶಾಲೆ ಬಿಡಲು ಕಾರಣ?’ ಅಂದರೆ ಎಲ್ಲರದೂ ಒಂದೇ ಉತ್ತರ: ‘ಅವನಿಗೆ ಇಷ್ಟ ಇಲ್ಲ.’ ‘ಆಸಕ್ತಿಯ ಕೊರತೆ’ ಅಂತ ನೀಟಾಗಿ ಟೇಬಲ್ ಮಾಡಿದೆ. ಒಬ್ಬ ಅಜ್ಜಿ ನಕ್ಕು ಕೇಳಿದರು, ‘ನೀನು ರೈಟರ್ ಮಗಳಲ್ವಾ?’ ಅಷ್ಟೇ ಸಾಕಾಯಿತು. ನಾಳೆ ಕೆಲಸ ಕೊಡುವವರ ಕಡೆಯವಳ ಹತ್ತಿರ ಯಾರು ನಿಜ ಹೇಳುತ್ತಾರೆ? ಆ ಫಾರಂಗಳನ್ನೆಲ್ಲ ಕಟ್ಟಿ ಪಕ್ಕಕ್ಕಿಟ್ಟೆ.

ಮುಂದಿನ ಸೀಸನ್ನಿಗೆ ನಾನೂ ಕೊಯ್ಲಿಗೆ ಇಳಿದೆ. ರೊಬಸ್ಟಾ ಗಿಡದಲ್ಲಿ ಕೆಂಜಿಗ ಕಚ್ಚಿದರೆ ಸಮಾಜಶಾಸ್ತ್ರವೆಲ್ಲ ಮರೆತುಹೋಗುತ್ತದೆ, ಅದು ಬೇರೆ ಮಾತು. ಎರಡೂ ಕೈ ಗಿಡದಲ್ಲಿ ಇರುವಾಗ, ಎದುರಿಗೆ ಪುಸ್ತಕ ಪೆನ್ನು ಇಲ್ಲದಾಗ ಹೆಂಗಸರು ತಾವಾಗಿಯೇ ಮಾತಾಡುತ್ತಿದ್ದರು. ಅಮ್ಮನ ಗಿಡದ ಕೆಳಗೆ ಕೂತು ಉದುರಿದ ಹಣ್ಣು ಹೆಕ್ಕುವ ಮಕ್ಕಳನ್ನೂ ನೋಡಿದೆ. ಸಂಜೆ ಆ ಹಣ್ಣು ಅಮ್ಮನ ಚೀಲಕ್ಕೇ ಸೇರುತ್ತಿತ್ತು.

ಆಗ ಟ್ರಂಕಿನ ನೆನಪಾಯಿತು. ಅಪ್ಪ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಅಲ್ಲದೆ ತಮ್ಮ ಲೆಕ್ಕಕ್ಕೂ ಒಂದು ನೋಟ್‌ಬುಕ್ ಬರೆದಿಡುತ್ತಿದ್ದರು. ಹತ್ತಿರದ ಶಾಲೆಯ ಮೇಷ್ಟ್ರು ಹಳೇ ಹಾಜರಿ ಪುಸ್ತಕ ತೋರಿಸಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ಕೂತೆ. ಹಾಜರಿಯಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಜನವರಿ ಎರಡನೇ ವಾರದಿಂದ ಸಾಲಾಗಿ ‘ಗೈ’. ಅಪ್ಪನ ಪುಸ್ತಕದಲ್ಲಿ ಅದೇ ವಾರದಿಂದ ಅವಳ ಅಮ್ಮನ ಕೆ.ಜಿ. ಏರಿದೆ. ಒಂದು ಜೊತೆ ಕೈಯಿಂದ ಆಗುವ ಲೆಕ್ಕ ಅಲ್ಲ ಅದು. ಕೊಡಗಿನಲ್ಲಿ ಅರೇಬಿಕಾ ನವೆಂಬರ್‌ಗೆ ಶುರುವಾದರೆ ರೊಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತದೆ. ವಾರ್ಷಿಕ ಪರೀಕ್ಷೆಯ ತಯಾರಿಯೂ ಆಗಲೇ.

ಎಂ.ಎ. ಓದುವಾಗ ಫ್ರೆಂಚ್ ಸಮಾಜಶಾಸ್ತ್ರಜ್ಞ ಬೋರ್ದಿಯುನ ‘ಸಾಂಸ್ಕೃತಿಕ ಬಂಡವಾಳ’ ಬಾಯಿಪಾಠ ಮಾಡಿದ್ದೆ. ಕೆಲವು ಮಕ್ಕಳು ಶಾಲೆಗೆ ಬೇಕಾದ ಮಾತು, ನಡೆಯನ್ನು ಮನೆಯಿಂದಲೇ ತಂದಿರುತ್ತಾರೆ, ಶಾಲೆ ಅದನ್ನೇ ಜಾಣತನ ಅನ್ನುತ್ತದೆ. ಅದು ನನಗೆ ಅರ್ಥವಾದದ್ದು ಒಂದು ಪರೀಕ್ಷೆ ಪೇಪರ್ ನೋಡಿದಾಗ. ಪತ್ರ ಬರೆಯುವ ಪ್ರಶ್ನೆ. ವಿಳಾಸದ ಜಾಗ ಖಾಲಿ. ಮೇಷ್ಟ್ರು ಕೆಂಪು ಗೆರೆ ಎಳೆದಿದ್ದರು. ಯಾಕೆ ಬರೀಲಿಲ್ಲ ಅಂತ ಹುಡುಗನನ್ನು ಕೇಳಿದೆ. ‘ಮುಂದಿನ ತಿಂಗಳು ನಾವು ಬೇರೆ ತೋಟಕ್ಕೆ ಹೋಗ್ತೀವಿ.’

ತೋಟ ಬದಲಾದರೆ ಶಾಲೆಯೂ ಬದಲು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿ.ಸಿ. ತಡವಾಯ್ತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಹಾಕಬೇಕು. ಒಳ್ಳೆಯ ನಿಯಮ. ಆದರೆ ನಾನು ನೋಡಿದ ಕಡೆ ಒಂದೇ ಮಗುವಿನ ಹೆಸರು ಎರಡು ಶಾಲೆಯಲ್ಲಿ ಇರುತ್ತಿತ್ತು, ಮಗು ಎರಡರಲ್ಲೂ ಇರುತ್ತಿರಲಿಲ್ಲ. ‘ಶಾಲೆ ಬಿಟ್ಟವರು’ ಅನ್ನುವ ಪದ ನಾನು ಬಳಸುವುದನ್ನು ಬಿಟ್ಟದ್ದು ಅದಕ್ಕೇ.

ಬರೆಯುವಾಗ ಬೇರೆ ತಲೆನೋವು. ಕೆ.ಜಿ. ಲೆಕ್ಕ ಛಾಪಿಸಿದರೆ ಆ ಅಮ್ಮಂದಿರು ಸಿಕ್ಕಿಬೀಳುತ್ತಾರೆ, ತೋಟದ ಯಜಮಾನರು ಹೇಗೋ ಪಾರಾಗುತ್ತಾರೆ. ಹೆಸರು, ತೋಟ, ಇಸವಿ ಎಲ್ಲ ತೆಗೆದೆ. ಒಂದು ಪತ್ರಿಕೆಯವರು ‘ಸ್ಯಾಂಪಲ್ ಚಿಕ್ಕದು’ ಅಂತ ಲೇಖನ ವಾಪಸ್ ಕಳಿಸಿದರು. ಕೋಪ ಬಂತು, ಮತ್ತೆ ಎರಡು ಸೀಸನ್ ಸೇರಿಸಿ ಬೇರೆ ಕಡೆ ಕಳಿಸಿದೆ.

ಪ್ರಬಂಧ ಬೈಂಡ್ ಆದ ದಿನ ಅಪ್ಪನಿಗೆ ಒಂದು ಪ್ರತಿ ಕೊಟ್ಟೆ. ಇಂಗ್ಲಿಷ್ ಪುಟಗಳನ್ನು ಮಗುಚುತ್ತಾ ಹೋಗಿ, ಟೇಬಲ್ ಇದ್ದ ಪುಟದಲ್ಲಿ ನಿಂತರು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಆಮೇಲೆ ಮೆಲ್ಲಗೆ ಅಂದರು, ‘ನಂಗೆ ಗೊತ್ತಿತ್ತು ಕಣಮ್ಮ. ತೂಕ ಹಾಕುವಾಗ ಆ ಹುಡುಗಿ ಪಕ್ಕದಲ್ಲೇ ನಿಂತಿರ್ತಿದ್ಲು. ಪುಸ್ತಕದಲ್ಲಿ ಅವಳಿಗೆ ಕಾಲಂ ಇರಲಿಲ್ಲ.’